ಮಗುಚಿದ ಮೀನು

"ಮುಟ್ಟೇ ಇಲ್ಲ ನೋಡಿ ಮೇಡಂ. ಪಾಪ, ಆಸೆಪಟ್ಟು ಮೀನು ಮಾಡ್ಕೊಂಡಿದ್ದಾನೆ, ತಿನ್ನೋಕೆ ಮನಸ್ಸು ಬಂದಿಲ್ಲ. ಎದ್ದು ಡಾಕ್ ಕಡೆ ಹೋಗಿದ್ದಾನೆ. ಅಲ್ಲಿ ಆ ಹುಡುಗಿ ಸಿಕ್ಕಿದ್ದಾಳೆ, ಮತ್ತೆ ಜಗಳ ಹತ್ತಿದೆ, ತಳ್ಳಿದ್ದಾಳೆ. ಇದರಲ್ಲಿ ಹುಡುಕೋಕೆ ಇನ್ನೇನಿದೆ?"

ದಫೇದಾರ್ ಕಾಂಗ್ ಊಟದ ಮೇಜಿನ ಪಕ್ಕದಲ್ಲಿ ನಿಂತು ಕೈ ಉಜ್ಜಿಕೊಳ್ಳುತ್ತಿದ್ದ. ಸತ್ತವನ ಮನೆಯೊಳಗೆ ಹೊರಗಿಗಿಂತ ಹೆಚ್ಚು ಚಳಿಯಿತ್ತು.

ಶಾಝುಯಿ ಹಡಗು ಕಾರ್ಖಾನೆಯ ಇಂಜಿನಿಯರ್ ಬಿಯಾನ್ ಮಾವ್‌ಲಿನ್ ಹಡಗು ಕಟ್ಟುವ ಖಾಲಿ ಡಾಕ್‌ನ ತಳಕ್ಕೆ ಬಿದ್ದು ಸತ್ತಿದ್ದ. ಅವನ ಶಿಷ್ಯೆ ದೈ ಲಿಯೆನ್ ಲಾಕಪ್ಪಿನಲ್ಲಿ ಕೂತಿದ್ದಳು.

ಇನ್ಸ್‌ಪೆಕ್ಟರ್ ಗೆಂಗ್ ಶೂಯಿನ್ ಮೇಜಿನ ಮೇಲೆ ಬಗ್ಗಿದಳು. ಅವಳ ಕಣ್ಣು ತಟ್ಟೆಯ ಮೇಲಿತ್ತು. ಹಬೆಯಲ್ಲಿ ಬೇಯಿಸಿದ ಹಳದಿ ಕಡಲಮೀನು. ಸೋಯಾ ರಸ ಚಳಿಗೆ ಹೆಪ್ಪುಗಟ್ಟಿ ಮೀನನ್ನು ತಟ್ಟೆಗೆ ಅಂಟಿಸಿಬಿಟ್ಟಿತ್ತು. ನೋಡಿದರೆ ಇಡೀ ಮೀನು ಹಾಗೇ ಇದೆ.

"ಕಾಂಗಣ್ಣಾ, ಈ ಮೀನಿಗೆ ಶುಂಠಿ ಎಲ್ಲಿ? ಈರುಳ್ಳಿ ಸೊಪ್ಪೆಲ್ಲಿ?"

"ಹಾಕಿಲ್ವೇನೋ. ಒಂಟಿ ಗಂಡಸಿನ ಅಡುಗೆ."

"ಹಾಕಿದ್ದಾನೆ. ಮೇಲಿಲ್ಲ ಅಷ್ಟೇ. ಅಡಿಯಿಂದ ಇಣುಕ್ತಾ ಇದೆ ನೋಡು."

ಅವಳು ಮೇಜಿನ ಮೇಲಿದ್ದ ಊಟದ ಕಡ್ಡಿಗಳನ್ನು ತೆಗೆದುಕೊಂಡು ಮೀನಿನ ಕೆಳಗೆ ತೂರಿಸಿ ಮೆಲ್ಲಗೆ ಎತ್ತಿದಳು. ಹೆಪ್ಪುಗಟ್ಟಿದ ರಸ ಸೀಳಿತು. ಅಡಿಯಲ್ಲಿ ಮಾಂಸವೇ ಇರಲಿಲ್ಲ. ಬಾಚಣಿಗೆಯ ಹಲ್ಲಿನಂತೆ ಬರೀ ಮುಳ್ಳು, ಅದರ ನಡುವೆ ಬಾಡಿದ ಸೊಪ್ಪು.

"ಅಯ್ಯೋ! ಒಂದು ಮಗ್ಗುಲು ತಿಂದು ಮಗುಚಿದ್ದಾನೆ," ಎಂದ ಕಾಂಗ್. ಅವನ ಮುಖ ಸಪ್ಪಗಾಯಿತು. ಮೀನನ್ನು ಮುಟ್ಟಿಲ್ಲ ಎಂದು ವರದಿಯಲ್ಲಿ ಬರೆದವನು ಅವನೇ. "ಆಯ್ತು, ನನ್ನ ತಪ್ಪು. ಅದಕ್ಕೇನೀಗ?"

"ಗಾನ್ಸು ಮರಳುಗಾಡಲ್ಲಿ ಹುಟ್ಟಿದೋನು ನೀನು. ಕುರಿ ವಿಚಾರ ಹೇಳು, ಕೈಕಟ್ಟಿ ಕೇಳ್ತೀನಿ. ಮೀನಿನ ವಿಚಾರ ನನಗೆ ಬಿಡು."

ಶೂಯಿನ್‌ಳ ಅಪ್ಪ ಇದೇ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ. ಮಕ್ಕಳ ಮೇಲೆ ಕೈಯೆತ್ತಿದವನೇ ಅಲ್ಲ. ಒಂದೇ ಒಂದು ಸಲ ಹೊಡೆದಿದ್ದ, ಅದೂ ಊಟಕ್ಕೆ ಕೂತಾಗ. ಪುಟ್ಟ ಶೂಯಿನ್ ತಟ್ಟೆಯಲ್ಲಿದ್ದ ಮೀನನ್ನು ಮಗುಚಲು ಹೋಗಿದ್ದಳು.

ಹಡಗಿನ ಅನ್ನ ತಿನ್ನುವವರು ಮೀನು ಮಗುಚುವುದಿಲ್ಲ. ಮೇಲಿನ ಮಗ್ಗುಲು ತಿಂದು, ನಡುಮುಳ್ಳನ್ನು ಎತ್ತಿಟ್ಟು, ಕೆಳಗಿನದಕ್ಕೆ ಕೈ ಹಾಕುತ್ತಾರೆ. ಮೀನು ಮಗುಚಿದರೆ ಹಡಗು ಮಗುಚುತ್ತದೆ. ಇದನ್ನು ನಂಬುತ್ತೀರಾ ಎಂದು ಕೇಳಿದರೆ ಎಲ್ಲರೂ ನಗುತ್ತಾರೆ. ನಕ್ಕು, ಮತ್ತೆ ಮುಳ್ಳನ್ನೇ ಎತ್ತಿಡುತ್ತಾರೆ.

ಅಡುಗೆಮನೆಯಲ್ಲಿ ತೊಳೆದು ಬೋರಲು ಹಾಕಿದ್ದ ಬಟ್ಟಲುಗಳು ಎರಡು.

"ಯಾರೋ ಜೊತೆಗೆ ಕೂತು ಉಂಡಿದ್ದಾರೆ," ಎಂದಳು ಶೂಯಿನ್. "ಹಡಗಿನವರಲ್ಲ. ಹೊರಗಿನೋರು. ಬಿಯಾನ್ ಮಗುಚೋನಲ್ಲ. ಲಿಯೆನ್ ಅಂತೂ ಮೀನುಗಾರರ ಮನೆ ಮಗಳು, ಸತ್ತರೂ ಮಗುಚಲ್ಲ."

ಕಾಂಗ್ ಕೈ ಉಜ್ಜುವುದನ್ನು ನಿಲ್ಲಿಸಿದ. "ಒಂದು ಮೀನು ನಂಬ್ಕೊಂಡು ಕೊಲೆ ಆಪಾದನೆ ಇರೋಳನ್ನ ಬಿಡ್ತೀರಾ ಮೇಡಂ?"

"ನನಗೆ ಈ ಕೆಲಸ ಕಲಿಸಿದೋನು ನೀನೇ ಅಲ್ವಾ. ಕಣ್ಣಿಗೆ ಕಂಡಿದ್ದನ್ನ ನಂಬು ಅಂತ."

ಅವನು ನಕ್ಕ, ಆದರೆ ನಗು ತುಟಿ ದಾಟಲಿಲ್ಲ.

* * *

ಲಾಕಪ್ಪಿನಲ್ಲಿ ಲಿಯೆನ್ ಮೊಣಕಾಲನ್ನು ಎದೆಗೊತ್ತಿಕೊಂಡು ಕೂತಿದ್ದಳು. ಮೂವತ್ತರ ಹೆಂಗಸು. ಕಾರ್ಖಾನೆಯ ನೀಲಿ ಕೋಟು ಇನ್ನೂ ಮೈಮೇಲಿತ್ತು.

"ಆವತ್ತು ಸಾಯಂಕಾಲ ಎಲ್ಲಿದ್ದೆ?"

"ನದಿ ದಂಡೆ ಮೇಲೆ."

"ಯಾರ ಜೊತೆ?"

"ಒಬ್ಳೇ."

"ಮಧ್ಯಾಹ್ನ ಮೇಷ್ಟ್ರ ಜೊತೆ ಜಗಳ ಆಡಿದ್ಯಂತಲ್ಲ. ಇಡೀ ಶೆಡ್ಡು ಕೇಳಿಸ್ಕೊಂಡಿದೆ."

ಲಿಯೆನ್ ಗೋಡೆ ನೋಡುತ್ತಾ ಹೇಳಿದಳು. ಹೊಸ ದರ್ಜೆಯ ಮೊದಲ ಫ್ರಿಗೇಟ್ ಯುದ್ಧನೌಕೆ ನೀರಿಗಿಳಿದು ವರ್ಷದ ಮೇಲಾಗಿದೆ. ಅದೇ ಮಾದರಿಯಲ್ಲಿ ಸಾಲು ಸಾಲಾಗಿ ಕಟ್ಟಬೇಕೋ ಬೇಡವೋ ಎಂದು ತೀರ್ಮಾನಿಸಲು ಬೀಜಿಂಗ್‌ನಿಂದ ಸಮಿತಿ ಬಂದಿದೆ. ಹಡಗಿನ ಸದ್ದು ಅಳೆಯುವವನು ಬಿಯಾನ್. ಜಲಾಂತರ್ಗಾಮಿಯ ಬೆನ್ನು ಹತ್ತಬೇಕಾದ ಹಡಗು ತಾನೇ ಗುಂಯ್‌ಗುಟ್ಟಿದರೆ ಮೊದಲು ಮುಳುಗುವುದು ಅದೇ. ಹಾಗಾಗಿ ಅವನ ಮಾತೇ ಕಡೆಯ ಮಾತು.

"ಒಂದು ವೇಗಕ್ಕೆ ಹೋದ್ರೆ ಬಾಲದ ಕಡೆ ನಡುಗುತ್ತೆ ಮೇಡಂ. ಇನ್ನೂ ಸರಿಹೋಗಿಲ್ಲ. ಆದ್ರೂ ಮೇಷ್ಟ್ರು ಕಟ್ಟಬಹುದು ಅಂತ ಹೇಳೋರಿದ್ರು. ಬೇಡಿ ಮೇಷ್ಟ್ರೇ ಅಂತ ಕಾಲು ಹಿಡ್ಕೊಂಡೆ. ಅದಕ್ಕೇ ಬೈದ್ರು."

"ಅವರು ಹೌದು ಅನ್ನೋರು. ನೀನು ಬೇಡ ಅಂದೋಳು."

"ಹೂಂ."

"ನಿಮ್ಮನೇಲಿ ಮೀನು ತಿನ್ನೋವಾಗ ಯಾವತ್ತಾದ್ರೂ ಮಗುಚಿದ್ದೀರಾ?"

"ಥೂ, ಬಿಡ್ತು ಅನ್ನಿ ಮೇಡಂ!" ಲಿಯೆನ್ ಬೆಚ್ಚಿಬಿದ್ದು ತಿರುಗಿದಳು. ಕಣ್ಣು ತುಂಬಿ ಬಂತು.

ಗುರುವನ್ನು ಕಳೆದುಕೊಂಡ ದುಃಖ ಎಂದುಕೊಂಡಳು ಶೂಯಿನ್. ಇನ್ನೇನೋ ಕೇಳಬೇಕೆನ್ನುವಷ್ಟರಲ್ಲಿ ಕಾಂಗ್ ಬಿಸಿ ಚಹಾ ಹಿಡಿದು ಒಳಗೆ ಬಂದ. ಲಿಯೆನ್ ಬಾಯಿ ಮುಚ್ಚಿದಳು. ಚಹಾ ಮುಟ್ಟಲಿಲ್ಲ.

"ಕುಡಿ ತಾಯಿ, ಚಳಿ ಇದೆ," ಎಂದ ಕಾಂಗ್.

ಅವಳು ನೆಲ ನೋಡುತ್ತಾ ಕೂತಳು.

ಲಿಯೆನ್‌ಳನ್ನು ಬಿಡಲು ಠಾಣೆಯ ಮುಖ್ಯಾಧಿಕಾರಿ ಸುಲಭಕ್ಕೆ ಒಪ್ಪಲಿಲ್ಲ. ನಾಳೆ ಅವಳೇ ಕೊಲೆಗಾತಿ ಎಂದು ಗೊತ್ತಾದರೆ ಯಾರ ತಲೆಗೆ ಬರುತ್ತದೆ ಎಂದು ಕೇಳಿದ. ನನ್ನ ತಲೆಗೆ ಎಂದಳು ಶೂಯಿನ್. ಇಪ್ಪತ್ತು ವರ್ಷದ ನೌಕರಿಯಲ್ಲಿ ಅವಳು ಹಾಗೆ ಮಾತು ಕೊಟ್ಟಿದ್ದು ಅದೇ ಮೊದಲು.

* * *

ಕಾರ್ಖಾನೆಯಿದ್ದ ದ್ವೀಪಕ್ಕೆ ಕಾರುಗಳನ್ನೂ ಜನರನ್ನೂ ದಾಟಿಸುವ ದೊಡ್ಡ ದೋಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಟಕಟೆಯುದ್ದಕ್ಕೂ ಉದ್ದುದ್ದ ಲೆನ್ಸಿನ ಕ್ಯಾಮೆರಾ ಹಿಡಿದ ಹಡಗುಹುಚ್ಚರು. ಪೊಲೀಸ್ ಕಾರಿನಿಂದ ಇಳಿದ ಶೂಯಿನ್‌ಳನ್ನು ಕಂಡು ಒಂದಿಬ್ಬರು ಕ್ಯಾಮೆರಾವನ್ನು ಕೋಟಿನೊಳಗೆ ಅಡಗಿಸಿದರು.

ಹಲ್ಲಿಲ್ಲದ ಒಬ್ಬ ಮುದುಕ ಮಾತ್ರ ಅಡಗಿಸಲಿಲ್ಲ. "ಏನಮ್ಮಾ, ಒಳಗಿನ ಸುದ್ದಿ ಗೊತ್ತಾ? ಈ ಸಲ ಒಂದೇ ಕಡುಬೋ, ಇಲ್ಲಾ ಪಾತ್ರೆ ತುಂಬಾ ಬಿಡ್ತಾರೋ?"

ಹಡಗುಗಳನ್ನು ಒಂದರ ಹಿಂದೊಂದು ನೀರಿಗಿಳಿಸುವುದಕ್ಕೆ ಈ ಜನ ಕುದಿಯುವ ಪಾತ್ರೆಗೆ ಕಡುಬು ಬಿಡುವುದು ಎನ್ನುತ್ತಾರೆ.

"ನಿಮಗೆ ಏನನ್ಸುತ್ತೆ ಅಜ್ಜ?"

"ನನ್ನ ಕೇಳಿದ್ರೆ, ಡಾಕ್ ಯಾಕೆ ಖಾಲಿ ಇಟ್ಟಿದ್ದಾರೆ ಹೇಳು? ಎರಡನೇದಕ್ಕೆ ಜಾಗ ಮಾಡಿದ್ದಾರೆ!"

"ಬಾಯಿಮುಚ್ಚು ಅಜ್ಜ, ಆ ಖಾಲಿ ಡಾಕಿಗೇ ಬಿದ್ದು ಒಬ್ಬ ಸತ್ತಿದ್ದಾನೆ," ಎಂದು ಪಕ್ಕದವನು ಗದರಿದ.

ಮುದುಕನ ಮುಖ ಇಳಿಯಿತು. ಕ್ಯಾಮೆರಾ ಕೆಳಗಿಟ್ಟು ಟೋಪಿ ತೆಗೆದ. ದೋಣಿ ಹೊಸ ಫ್ರಿಗೇಟಿನ ಮುಂದೆಯೇ ಹಾದುಹೋಯಿತು. ಬೂದು ಬಣ್ಣದ ಆ ಹಡಗು ಕಣ್ಣಿಗೆ ಚೆಂದವೇ ಇತ್ತು. ಅದರೊಳಗೆ ಮಲಗೆದ್ದು ಬದುಕಬೇಕಾದ ಹುಡುಗರನ್ನು ನೆನೆದು ಶೂಯಿನ್‌ಳಿಗೆ ಸಂಕಟವಾಯಿತು.

"ಇಲ್ಲೇ ಕಾಯ್ತಿರ್ತೀನಿ ಮೇಡಂ. ನನ್ನ ಮಗನೂ ಇಲ್ಲೇ ವೆಲ್ಡರ್ ಅಲ್ವಾ, ಕಂಡ್ರೆ ಮಾತಾಡಿಸ್ತೀನಿ," ಎಂದ ಕಾಂಗ್, ಕಾರ್ಖಾನೆಯ ಆಡಳಿತ ಕಟ್ಟಡದ ಅಂಗಳದಲ್ಲಿ ಕಾರು ನಿಲ್ಲಿಸಿ.

* * *

ಕಾರ್ಖಾನೆಯ ಉಪನಿರ್ದೇಶಕ ಹುವೋ ಚೆಂಗ್‌ಯೀ ಎರಡು ವರ್ಷದ ಹಿಂದೆ ಉತ್ತರದ ರೈಲುಬೋಗಿ ಕಾರ್ಖಾನೆಯಿಂದ ಬಂದವನು. ಹೊರಗಿನವನು. ಕಳೆದ ತಿಂಗಳಿಂದ ಬಿಯಾನ್‌ನ ಮನೆಗೆ ಎಡತಾಕುತ್ತಿದ್ದವನು. ಶೂಯಿನ್ ಅಡುಗೆಯವರಿಗೆ ಮೊದಲೇ ಹೇಳಿದ್ದಳು. ಅಧಿಕಾರಿಗಳ ಊಟದ ಕೋಣೆಯಲ್ಲಿ ಇಬ್ಬರ ನಡುವೆ ಇಡೀ ಮೀನೊಂದು ಬಂತು.

"ಮೇಲೆ ಸಮಿತಿ ಸಭೆ ನಡೀತಾ ಇದೆ, ನೀವು ಕೆಳಗೆ ಊಟಕ್ಕೆ ಕೂತಿದ್ದೀರಿ," ಎಂದಳು ಶೂಯಿನ್.

"ಅಳೆಯೋರು ಮಾತಾಡುವಾಗ ಕಟ್ಟೋರು ಹೊರಗಿರಬೇಕು. ಇಲ್ಲಿಯ ಪದ್ಧತಿ. ತಗೊಳ್ಳಿ, ಆರಿಹೋಗುತ್ತೆ."

ಹುವೋ ಮೇಲಿನ ಮಗ್ಗುಲು ಬಿಡಿಸಿ ಅವಳ ಬಟ್ಟಲಿಗೆ ಹಾಕಿದ. ತಾನೂ ತಿಂದ.

"ಬಿಯಾನ್ ಸತ್ತ ದಿನ ಸಾಯಂಕಾಲ ನೀವೆಲ್ಲಿದ್ರಿ?"

"ಸಮಿತಿಯವರನ್ನ ಕರೆತರೋಕೆ ವಿಮಾನ ನಿಲ್ದಾಣಕ್ಕೆ ಹೋಗಿದ್ದೆ. ಹದಿನಾಲ್ಕು ಜನ ಸಾಕ್ಷಿ ಇದ್ದಾರೆ."

"ಬಿಯಾನ್ ಬೇಡ ಅಂದುಬಿಟ್ರೆ ನಿಮಗೆ ಏನಾಗ್ತಿತ್ತು?"

"ನನಗಾ? ನನಗೇನೂ ಇಲ್ಲ, ಇನ್ನೊಂದು ಕಾರ್ಖಾನೆಗೆ ಹಾಕ್ತಾರೆ." ಹುವೋ ಕಿಟಕಿಯಾಚೆ ನೋಡಿದ. ಕ್ರೇನುಗಳು ಸುಮ್ಮನೆ ನಿಂತಿದ್ದವು. "ಹಬ್ಬಕ್ಕೆ ಅಂತ ಜನ ಊರಿಗೆ ಹೊರಟಿದ್ದಾರೆ. ಸಮಿತಿ ಬೇಡ ಅಂದ್ರೆ ಹಬ್ಬ ಮುಗಿಸಿ ವಾಪಸ್ ಬರೋಕೆ ಅವರಿಗೆ ಕೆಲಸ ಇರಲ್ಲ. ಮೂರು ಸಾವಿರ ಮನೆ. ಅಷ್ಟೂ ಜನರಿಗೂ ಬಿಯಾನ್‌ನ ತಳ್ಳೋಕೆ ಕಾರಣ ಇತ್ತು, ಬರ್ಕೊಳ್ಳಿ."

ಶೂಯಿನ್ ಅವನ ಕೈಯನ್ನೇ ನೋಡುತ್ತಿದ್ದಳು. ಮೇಲಿನ ಮಗ್ಗುಲು ಮುಗಿದಿತ್ತು. ಹುವೋನ ಕಡ್ಡಿಗಳು ಬಾಲದ ಕಡೆ ಹೋದವು. ಮಗುಚು, ಎಂದಿತು ಅವಳ ಮನಸ್ಸು.

ಹುವೋ ನಡುಮುಳ್ಳಿನ ತುದಿ ಹಿಡಿದು, ಒಂದಿಷ್ಟೂ ಮುರಿಯದಂತೆ ಎತ್ತಿ, ತಟ್ಟೆಯ ಅಂಚಿಗಿಟ್ಟ.

"ಎಲ್ಲಿ ಕಲಿತ್ರಿ ಇದನ್ನ?" ಎಂದು ಕೇಳಿದಳು ಶೂಯಿನ್.

"ನಮ್ಮ ತಾಯಿ ಕಡೆಯೋರು ವೆಯ್‌ಹಾಯ್ ಮೀನುಗಾರರು. ರೈಲುಬೋಗಿ ಕಟ್ಟಿದ್ದು ಹೊಟ್ಟೆಪಾಡಿಗೆ." ಹುವೋ ತಟ್ಟನೆ ಕಡ್ಡಿ ಕೆಳಗಿಟ್ಟ. "ಓಹೋ. ನೀವು ನನ್ನ ಊಟಕ್ಕೆ ಕರೆದಿದ್ದಲ್ಲ. ನನ್ನ ಕೈ ನೋಡೋಕೆ ಕರೆದಿದ್ದು."

ಹುವೋನ ಮುಖದಲ್ಲಿ ಬಣ್ಣ ಇಳಿಯುವುದು ಕಂಡಿತು.

"ಬಿಯಾನ್ ಮನೇಲಿ ಮೀನು ಮಗುಚಿತ್ತಾ?"

"ಮಗುಚಿತ್ತು. ಅಂದ್ರೆ ಕೂತು ಉಂಡೋರು ಹೊರಗಿನೋರು."

"ಇನ್ಸ್‌ಪೆಕ್ಟರ್ ಮೇಡಂ, ನೀವು ಈ ಊರಿನ ಮಗಳು ಅಂತ ಕೇಳಿದ್ದೆ." ಹುವೋ ತಲೆಯಾಡಿಸಿದ. "ನಮ್ಮೋರು ಮರೆತು ಮಗುಚಲ್ಲ, ನಿಜ. ಬೇಕು ಅಂತಲೇ ಮಗುಚಿದ್ರೆ?"

"ಅಂದ್ರೆ?"

"ಹೋದ ತಿಂಗಳು ಊಟದ ಹೊತ್ತಲ್ಲಿ ನಾನು ಅವನನ್ನ ಪೀಡಿಸ್ತಿದ್ದೆ. ಹೌದು ಅನ್ನಯ್ಯಾ, ಹೌದು ಅನ್ನಯ್ಯಾ ಅಂತ. ಅವನು ಮೀನಿನ ತಟ್ಟೆ ಮೇಲೆ ಕಡ್ಡಿ ಇಟ್ಟು, ಇನ್ನೊಂದು ಸಲ ಕೇಳಿ, ಇದನ್ನ ಮಗುಚ್ತೀನಿ ಅಂದ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಹಡಗಿನ ಜನಕ್ಕೆ ಅದಕ್ಕಿಂತ ದೊಡ್ಡ 'ಬೇಡ' ಇಲ್ಲ. ಈ ಹಡಗು ಜನರನ್ನ ಮುಳುಗಿಸುತ್ತೆ ಅಂತ ಅರ್ಥ."

ಶೂಯಿನ್‌ಳ ಕಡ್ಡಿ ಬಟ್ಟಲ ಮೇಲೆ ನಿಂತಿತು. "ಹಾಗಾದ್ರೆ ಅವನು ಹೌದು ಅನ್ನೋನಿರಲಿಲ್ಲ."

"ಯಾವ ಕಾಲಕ್ಕೂ ಇರಲಿಲ್ಲ! ನನ್ನ ಮುಖಕ್ಕೆ ಹೊಡೆದ ಹಾಗೆ ಬೇಡ ಅಂತಿದ್ದ. ನನಗೆ ಹೇಳೋಕೆ ಅವನಿಗೆ ಮೀನು ಬೇಕಿರಲಿಲ್ಲ, ಬಾಯೇ ಸಾಕಿತ್ತು. ಬಾಯಿಬಿಟ್ಟು ಹೇಳೋಕಾಗದೆ ಮೀನು ಮಗುಚಿ ತೋರಿಸಿದ್ದಾನೆ ಅಂದ್ರೆ, ಎದುರಿಗೆ ಕೂತಿದ್ದೋರು ಅವನಿಗೆ ತುಂಬಾ ಬೇಕಾದೋರು. ನೋಡಿದ ಕೂಡ್ಲೇ ಅರ್ಥ ಆಗೋರು."

ಅವರು ಹೌದು ಅನ್ನೋರಿದ್ರು, ನಾನು ಬೇಡ ಅಂದೆ. ಲಿಯೆನ್ ಹೇಳಿದ್ದು ಪೂರ್ತಿ ತಲೆಕೆಳಗು. ಮೀನುಗಾರರ ಮಗಳು ಎಂದು ತಾನು ಬಿಟ್ಟವಳೂ, ಅದೇ ಕಾರಣಕ್ಕೆ ಬಿಯಾನ್ ಯಾರ ಮುಂದೆ ಮೀನು ಮಗುಚಿದನೋ ಅವಳೂ ಒಬ್ಬಳೇ.

"ಮೇಲೆ ಈಗ ಬಿಯಾನ್ ಜಾಗದಲ್ಲಿ ಮಾತಾಡ್ತಿರೋದು ಯಾರು?" ಎಂದು ಕೇಳುವಾಗಲೇ ಅವಳು ಎದ್ದು ನಿಂತಿದ್ದಳು.

"ಇನ್ಯಾರು? ಅವನ ಜೊತೆ ಕೂತು ಸದ್ದು ಅಳೆದೋಳು ಅವಳೊಬ್ಬಳೇ. ಬೆಳಗ್ಗೆ ನೀವೇ ಬಿಟ್ರಂತಲ್ಲ. ನೇರ ಇಲ್ಲಿಗೇ ಬಂದಳು."

ತಲೆಯ ಮೇಲಿನ ಮಹಡಿಯಲ್ಲಿ ಜೋರಾಗಿ ಚಪ್ಪಾಳೆ ಬಿತ್ತು.

* * *

ಶೂಯಿನ್ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಸಭೆಯ ಬಾಗಿಲು ತೆರೆದಿತ್ತು. ಕಾರ್ಖಾನೆಯ ಮಂದಿ ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದರು. ಯಾರೋ ವಯಸ್ಸಾದ ಮೇಸ್ತ್ರಿ ಗೋಡೆಗೆ ಹಣೆಯಿಟ್ಟು ಗಳಗಳನೆ ಅಳುತ್ತಿದ್ದ. ಲಿಯೆನ್ ಅವರೆಲ್ಲರಿಂದ ದೂರ, ಕಿಟಕಿಯ ಬಳಿ ನಿಂತಿದ್ದಳು. ಅವಳ ಮುಖದಲ್ಲಿ ಜೀವವೇ ಇರಲಿಲ್ಲ.

"ಬರ್ತೀರ ಅಂತ ಗೊತ್ತಿತ್ತು ಮೇಡಂ," ಎಂದಳು. "ಹೌದು ಅಂದುಬಿಟ್ಟೆ. ಸದ್ದಿಲ್ಲ, ಕಟ್ಟಬಹುದು ಅಂದುಬಿಟ್ಟೆ. ನಮ್ಮಣ್ಣ, ನನ್ನ ಗಂಡ, ಅವನ ತಮ್ಮ, ಎಲ್ಲಾ ಬಲೆ ಬಿಟ್ಟು ಇಲ್ಲಿಗೆ ಬಂದೋರು. ಇದೂ ಹೋದ್ರೆ ಎಲ್ಲಿಗೆ ಹೋಗೋದು?"

"ಮೀನು ಮಗುಚಿದ್ದು ನಿನ್ನ ಮುಂದೆ."

"ನನ್ನ ಮುಂದೇನೇ. ಉಣ್ಣೋವಾಗ ಇನ್ನೊಂದ್ಸಲ ಬೇಡ್ಕೊಂಡೆ. ಅವರು ಮಾತೇ ಆಡ್ಲಿಲ್ಲ. ಮಗುಚಿಬಿಟ್ರು." ಲಿಯೆನ್ ಬಿಕ್ಕಿದಳು. "ಹತ್ತು ವರ್ಷ ಅವರ ಕೈಕೆಳಗೆ ಕಲಿತೋಳು ನಾನು. ಅವರು ಅಳ್ತಾ ಇದ್ರು ಮೇಡಂ. ನಾನು ಬಟ್ಟಲು ತೊಳೆದಿಟ್ಟು ಎದ್ದು ಬಂದೆ."

"ಆಮೇಲೆ ಡಾಕ್ ಹತ್ರ ಕಾದು ನಿಂತೆ."

"ಇಲ್ಲ! ನಮ್ಮಮ್ಮನಾಣೆ ಇಲ್ಲ. ನಾನು ಸುಳ್ಳಿ, ಗುರುವಿನ ಮಾತು ಮಾರ್ಕೊಂಡೋಳು, ಅದಕ್ಕೆ ಬೇಕಾದ ಶಿಕ್ಷೆ ಕೊಡಿ. ಕೊಂದಿಲ್ಲ. ನಾನು ಕೆಳಗಿಳಿದಾಗ ಮನೆ ಮುಂದೆ ಕಾರು ನಿಂತಿತ್ತು. ಬೀದಿ ತಿರುವಲ್ಲಿ ನಿಂತು ನೋಡ್ದೆ. ಮೇಷ್ಟ್ರು ಇಳಿದು ಬಂದು ಹತ್ಕೊಂಡ್ರು. ಗುರುತಿದ್ದೋರ ಹಾಗೆ ಮಾತಾಡ್ತಾ ಹೋದ್ರು."

ಹಿಂದಿನಿಂದ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಹುವೋ ಏದುಸಿರು ಬಿಡುತ್ತಾ ಬಂದು ನಿಂತ. ಶೂಯಿನ್ ಅವನನ್ನು ನೋಡಿ ಲಿಯೆನ್ ಕಡೆ ತಿರುಗಿದಳು.

"ಇವರ ಕಾರಾ?"

ಲಿಯೆನ್ ಇಲ್ಲವೆಂದು ತಲೆಯಾಡಿಸಿದಳು.

"ಮತ್ಯಾಕೆ ಬೆಳಗ್ಗೆ ಹೇಳಲಿಲ್ಲ? ನಾನು ಅಷ್ಟು ಕೇಳಿದೆ!"

"ಲಾಕಪ್ಪಲ್ಲಿ ಕೂತು ಅದನ್ನ ಹೇಳೋಕಾಗ್ತಿತ್ತಾ ಮೇಡಂ?"

ಅವಳು ಕಿಟಕಿಯ ಗಾಜಿನ ಮೇಲೆ ಬೆರಳಿಟ್ಟಳು. ಕೆಳಗೆ ಅಂಗಳದಲ್ಲಿ ಇದ್ದದ್ದು ಒಂದೇ ಕಾರು, ಠಾಣೆಯದ್ದು. ಕಾಂಗ್ ಅದರ ಮುಂದಿನ ಗಾಜು ಒರೆಸುತ್ತಿದ್ದ.

"ಅದೇ ಕಾರು," ಎಂದಳು ಲಿಯೆನ್. "ಓಡಿಸ್ತಿದ್ದೋರೂ ಅವರೇ."

ಶೂಯಿನ್‌ಳ ಕಿವಿಯಲ್ಲಿ ಹುವೋನ ಮಾತು ಕೇಳಿತು: ಮೂರು ಸಾವಿರ ಮನೆ. ಕಾಂಗ್‌ನ ಮಗನದ್ದೂ ಅದರಲ್ಲೊಂದು. ಕಾಂಗ್ ತಲೆಯೆತ್ತಿದ. ಕಿಟಕಿಯಲ್ಲಿ ಇಬ್ಬರೂ ಒಟ್ಟಿಗೆ ನಿಂತಿರುವುದನ್ನು ನೋಡಿದ. ಒರೆಸುತ್ತಿದ್ದ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಬಾನೆಟ್ಟಿನ ಮೇಲಿಟ್ಟು, ಸೊಂಟದ ಪಿಸ್ತೂಲಿನ ಮೇಲೊಮ್ಮೆ ಕೈಯಾಡಿಸಿ, ಕಟ್ಟಡದ ಬಾಗಿಲ ಕಡೆಗೆ ನಡೆದು ಬಂದ.